‘ಒಟ್ಟು ಎಂದರೆ ಕೂಡಿಸು, ಉಳಿದ ಎಂದರೆ ಕಳೆ’: ಈ ಫಾರ್ವರ್ಡ್ ನಂಬಿ ಮಕ್ಕಳಿಗೆ ಲೆಕ್ಕ ಹೇಳಿಕೊಡಬಹುದೇ?

ನಿಮ್ಮ ಪೇರೆಂಟ್ಸ್ ಗ್ರೂಪಿಗೂ ಇದು ಬಂದಿರಬಹುದು. ಬಣ್ಣಬಣ್ಣದ ಒಂದು ಚಾರ್ಟ್, ಮೇಲೆ ‘ಹೇಳಿಕೆ ಲೆಕ್ಕಗಳಿಗೆ ಸುಲಭ ಉಪಾಯ’ ಎಂಬ ತಲೆಬರಹ. ‘ಒಟ್ಟು’, ‘ಸೇರಿ’, ‘ಹೆಚ್ಚು’ ಎಂದಿದ್ದರೆ ಕೂಡಿಸಿ. ‘ಉಳಿದ’, ‘ಕಡಿಮೆ’ ಎಂದಿದ್ದರೆ ಕಳೆಯಿರಿ. ‘ಪಟ್ಟು’ ಎಂದಿದ್ದರೆ ಗುಣಿಸಿ. ‘ಸಮನಾಗಿ ಹಂಚಿ’ ಎಂದಿದ್ದರೆ ಭಾಗಿಸಿ. ಕೊನೆಯಲ್ಲಿ, ‘ಎಲ್ಲ ತಂದೆ ತಾಯಂದಿರಿಗೂ ತಲುಪಿಸಿ’.

ನನಗೆ ಇದನ್ನು ಕಳಿಸಿದ್ದು ನಮ್ಮಕ್ಕ. ಅವಳ ಮಗಳು ಐದನೇ ಕ್ಲಾಸು. ಕೂಡುವ, ಕಳೆಯುವ, ಗುಣಿಸುವ ಲೆಕ್ಕ ಕೊಟ್ಟರೆ ಸರಸರನೆ ಮಾಡುತ್ತಾಳೆ. ಅದೇ ಲೆಕ್ಕವನ್ನು ನಾಲ್ಕು ವಾಕ್ಯದಲ್ಲಿ ಬರೆದು ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ‘ಮ್ಯಾತ್ಸ್ ವೀಕು, ಟ್ಯೂಷನ್‌ಗೆ ಹಾಕಿ’ ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಅಕ್ಕ ಈ ಚಾರ್ಟನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದಳು.

ಅವರ ಮನೆಗೆ ಹೋದಾಗ ನಾನು ಒಂದು ಲೆಕ್ಕ ಕೊಟ್ಟೆ. ‘ನಮ್ಮ ಬೀದಿಯ ಅಂಗಡಿಯಲ್ಲಿ ಒಂದು ತೆಂಗಿನಕಾಯಿಗೆ 35 ರೂಪಾಯಿ. ಇದು ಮಾರ್ಕೆಟ್ಟಿಗಿಂತ 7 ರೂಪಾಯಿ ಕಡಿಮೆ. ಮಾರ್ಕೆಟ್ಟಿನಲ್ಲಿ 4 ಕಾಯಿ ಕೊಂಡರೆ ಎಷ್ಟಾಗುತ್ತದೆ?’

ಅವಳ ಬೆರಳು ನೇರ ‘ಕಡಿಮೆ’ ಮೇಲೆ ಹೋಯಿತು. 35ರಲ್ಲಿ 7 ಕಳೆದು 28, ಅದನ್ನು ನಾಲ್ಕರಿಂದ ಗುಣಿಸಿ 112. ಸರಿಯುತ್ತರ 168. ಮಾರ್ಕೆಟ್ಟಿನಲ್ಲಿ ಕಾಯಿ ದುಬಾರಿ, 42 ರೂಪಾಯಿ. ತಪ್ಪು ಅಂದಾಗ ಅವಳು ಗೋಡೆ ತೋರಿಸಿದಳು. “ಅಲ್ಲಿ ಹಂಗೇ ಇದ್ಯಲ್ಲ ಚಿಕ್ಕಿ?”

ಹೌದು, ಹಾಗೇ ಇದೆ. ಚಾರ್ಟ್ ಹೇಳಿದಂತೆಯೇ ಅವಳು ಮಾಡಿದ್ದಳು.

ಕಣ್ಣು ಎಲ್ಲಿ ನಿಲ್ಲುತ್ತದೆ?

ಇದು ಮಕ್ಕಳಿಗೆ ಮಾತ್ರ ಆಗುವ ಎಡವಟ್ಟಲ್ಲ. ಅಮೆರಿಕದಲ್ಲಿ ಮೇರಿ ಹೆಗಾರ್ಟಿ, ರಿಚರ್ಡ್ ಮೇಯರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಇಂಥದೇ ಲೆಕ್ಕಗಳನ್ನು ಕೊಟ್ಟು, ಓದುವಾಗ ಅವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂದು ಯಂತ್ರದಿಂದ ಗಮನಿಸಿದರು. 1995ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಹೆಚ್ಚು ತಪ್ಪು ಮಾಡಿದವರ ಕಣ್ಣು ಮತ್ತೆ ಮತ್ತೆ ಹೋಗಿದ್ದು ಅಂಕಿಗಳ ಕಡೆಗೆ ಮತ್ತು ‘ಹೆಚ್ಚು’, ‘ಕಡಿಮೆ’ ಥರದ ಪದಗಳ ಕಡೆಗೆ. ಸರಿಯಾಗಿ ಬಿಡಿಸಿದವರು ಯಾವುದರ ಬಗ್ಗೆ ಮಾತು ನಡೆಯುತ್ತಿದೆ, ಅಂದರೆ ಯಾವ ಅಂಗಡಿ, ಯಾವ ವಸ್ತು ಎಂಬುದರ ಮೇಲೂ ಗಮನ ಇಟ್ಟಿದ್ದರು. ಮೊದಲಿನವರು ಪದ ಹಿಡಿದು ಲೆಕ್ಕ ಮಾಡಿದರು, ಎರಡನೆಯವರು ಸನ್ನಿವೇಶ ಹಿಡಿದು ಮಾಡಿದರು.

ಪದ ಹಿಡಿಯುವ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ‘ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ನನ ವಯಸ್ಸೆಷ್ಟು?’ ಸುಮಾರು 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಇದನ್ನು 97 ಪುಟ್ಟ ಮಕ್ಕಳಿಗೆ ಕೇಳಿದಾಗ 76 ಮಕ್ಕಳು ಆ ಸಂಖ್ಯೆಗಳನ್ನೇ ಬಳಸಿ ಉತ್ತರ ಕೊಟ್ಟರು. 2018ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಐದನೇ ತರಗತಿ ಪರೀಕ್ಷೆಗೂ ಇದೇ ಪ್ರಶ್ನೆ ಬಂದು ಇಂಟರ್ನೆಟ್‌ನಲ್ಲಿ ಸುದ್ದಿಯಾಯಿತು. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಆದರೆ ‘ಅಂಕಿ ಇದೆ ಅಂದಮೇಲೆ ಏನಾದರೂ ಮಾಡಲೇಬೇಕು’ ಎಂದು ಶಾಲೆ ಮಕ್ಕಳಿಗೆ ಅಷ್ಟರಲ್ಲೇ ಕಲಿಸಿಬಿಟ್ಟಿರುತ್ತದೆ.

ಹಾಗಾದರೆ ಬೇರೆ ದಾರಿ ಏನು?

ಲೆಕ್ಕವನ್ನು ಬಿಡಿಸುವ ಮೊದಲು ಬರೆದು ನೋಡುವುದು. ಅಕ್ಷರದಲ್ಲಲ್ಲ, ಗೆರೆಯಲ್ಲಿ. ಶಿಕ್ಷಣದವರು ಇದಕ್ಕೆ ಗ್ರಾಫಿಕ್ ಆರ್ಗನೈಸರ್ ಎಂಬ ದೊಡ್ಡ ಹೆಸರಿಟ್ಟಿದ್ದಾರೆ. ಲೆಕ್ಕದಲ್ಲಿ ಇರುವ ಸಂಗತಿಗಳನ್ನೂ ಅವುಗಳ ಸಂಬಂಧವನ್ನೂ ಒಂದೇ ನೋಟಕ್ಕೆ ಕಾಣುವಂತೆ ಜೋಡಿಸುವ ಚೌಕಟ್ಟು ಎಂದಷ್ಟೇ ಅದರ ಅರ್ಥ. ನಾಲ್ಕು ಚೌಕದ ಹಾಳೆ, ಮರದಂತೆ ಕವಲೊಡೆಯುವ ಚಿತ್ರ, ಕೋಷ್ಟಕ, ಹೀಗೆ ಬಹಳ ಬಗೆಗಳಿವೆ. ಹೇಳಿಕೆ ಲೆಕ್ಕಗಳಿಗೆ ನನಗೆ ಎಲ್ಲಕ್ಕಿಂತ ಉಪಯುಕ್ತ ಅನ್ನಿಸಿದ್ದು ಪಟ್ಟಿ ಚಿತ್ರ, ಅಂದರೆ ಬಾರ್ ಮಾಡೆಲ್.

ಸಿಂಗಪುರದ ಶಿಕ್ಷಣ ಇಲಾಖೆಯಲ್ಲಿ ಖೋ ಟೆಕ್ ಹಾಂಗ್ ಅವರ ತಂಡ 1980ರ ದಶಕದಲ್ಲಿ ಇದನ್ನು ಪಠ್ಯಕ್ಕೆ ತಂದಿತು. ಆಗ ಅಲ್ಲಿಯ ಮಕ್ಕಳೂ ಹೇಳಿಕೆ ಲೆಕ್ಕದಲ್ಲಿ ಹಿಂದೆ ಬೀಳುತ್ತಿದ್ದರು. 1995ರ ಅಂತರರಾಷ್ಟ್ರೀಯ ಟಿಮ್ಸ್ ಪರೀಕ್ಷೆಯಲ್ಲಿ ಎಂಟನೇ ತರಗತಿಯ ಗಣಿತದಲ್ಲಿ ಸಿಂಗಪುರ ಮೊದಲ ಸ್ಥಾನಕ್ಕೆ ಬಂತು. ಇದೆಲ್ಲ ಪಟ್ಟಿ ಚಿತ್ರದ ಮಹಿಮೆ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದನ್ನೂ ನಂಬಬೇಡಿ. ಶಿಕ್ಷಕರ ತರಬೇತಿ, ಪಠ್ಯಪುಸ್ತಕ, ಸರ್ಕಾರದ ಖರ್ಚು ಎಲ್ಲವೂ ಅದರ ಹಿಂದಿವೆ.

ಈಗ ತೆಂಗಿನಕಾಯಿಗೆ ವಾಪಸ್ ಬರೋಣ. ಕನ್ನಡದಲ್ಲಿ ಒಂದು ಅನುಕೂಲ ಇದೆ. ‘ಗಿಂತ’ ಯಾವ ಪದಕ್ಕೆ ಅಂಟಿಕೊಂಡಿದೆಯೋ ಅದರ ಜೊತೆಗೇ ಹೋಲಿಕೆ. ‘ಇದು ಮಾರ್ಕೆಟ್ಟಿಗಿಂತ ಕಡಿಮೆ’ ಎಂದರೆ ‘ಇದು’ ಗಿಡ್ಡ ಪಟ್ಟಿ, ‘ಮಾರ್ಕೆಟ್ಟು’ ಉದ್ದ ಪಟ್ಟಿ. ಹುಡುಗಿಗೆ ಒಂದರ ಕೆಳಗೆ ಒಂದು ಎರಡು ಪಟ್ಟಿ ಎಳೆಯಲು ಹೇಳಿದೆ. ಗಿಡ್ಡದರೊಳಗೆ 35. ಉದ್ದದ್ದು ಎಷ್ಟು ಮುಂದೆ ಚಾಚಿದೆಯೋ ಆ ತುಂಡಿನ ಮೇಲೆ 7. ಉದ್ದ ಪಟ್ಟಿಗೆ ಒಂದು ಪ್ರಶ್ನೆ ಚಿಹ್ನೆ. ಕೂಡಬೇಕೋ ಕಳೆಯಬೇಕೋ ಎಂದು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಇನ್ನೊಂದು ನೋಡಿ. ‘ಅಕ್ಕನ ಬಳಿ ತಮ್ಮನ ಹಣದ 3 ಪಟ್ಟು ಹಣ ಇದೆ. ಇಬ್ಬರದ್ದೂ ಸೇರಿ 240 ರೂಪಾಯಿ. ಅಕ್ಕನ ಹಣ ಎಷ್ಟು?’ ಚಾರ್ಟ್ ಪ್ರಕಾರ ‘ಪಟ್ಟು’ ಇದೆ, ಗುಣಿಸಿ, 720! ಇಬ್ಬರದ್ದೂ ಸೇರಿ 240 ಇರುವಾಗ ಅಕ್ಕ ಒಬ್ಬಳ ಹತ್ತಿರವೇ 720. ಪಟ್ಟಿ ಎಳೆದರೆ ತಮ್ಮನಿಗೆ ಒಂದು ಮನೆ, ಅಕ್ಕನಿಗೆ ಅಂಥವೇ ಮೂರು ಮನೆ, ಒಟ್ಟು ನಾಲ್ಕು. ನಾಲ್ಕು ಮನೆಗೆ 240 ಎಂದರೆ ಒಂದಕ್ಕೆ 60, ಅಕ್ಕನದು 180. ಹೈಸ್ಕೂಲಿನಲ್ಲಿ ‘ಎಕ್ಸ್’ ಹಾಕಿ ಬಿಡಿಸುವ ಸಮೀಕರಣವೇ ಇದು.

ಭಿನ್ನರಾಶಿಯಲ್ಲಿ ಇದರ ಲಾಭ ಇನ್ನೂ ಹೆಚ್ಚು. ‘ಡ್ರಮ್ಮಿನ ನೀರಿನಲ್ಲಿ ಐದನೇ ಎರಡು ಭಾಗ ಖರ್ಚಾಯಿತು, ಉಳಿದದ್ದು 90 ಲೀಟರ್, ಮೊದಲು ಎಷ್ಟಿತ್ತು?’ ಐದು ಮನೆಯ ಪಟ್ಟಿಯಲ್ಲಿ ಎರಡನ್ನು ಅಳಿಸಿ. ಉಳಿದ ಮೂರಕ್ಕೆ 90, ಒಂದಕ್ಕೆ 30, ಐದಕ್ಕೆ 150. ‘ಉಳಿದ’ ಎಂದಾಕ್ಷಣ ಕಳೆಯಲು ಹೊರಟವರು ಯಾವುದರಿಂದ ಏನನ್ನು ಕಳೆಯುತ್ತಾರೆ?

ಇದು ಕೆಲಸ ಮಾಡುವುದಕ್ಕೆ ಕಾರಣ ಸರಳ. ನಾಲ್ಕು ವಾಕ್ಯಗಳಲ್ಲಿ ಚದುರಿದ ವಿಷಯವನ್ನು ತಲೆಯಲ್ಲೇ ಹಿಡಿದುಕೊಂಡು ಲೆಕ್ಕವನ್ನೂ ಮಾಡುವುದು ಮಿದುಳಿಗೆ ಭಾರ. ಜಿಲ್ ಲಾರ್ಕಿನ್ ಮತ್ತು ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ 1987ರ ಪ್ರಬಂಧದಲ್ಲಿ ತೋರಿಸಿದಂತೆ, ಒಳ್ಳೆಯ ರೇಖಾಚಿತ್ರ ಒಟ್ಟಿಗೆ ಬೇಕಾದ ಮಾಹಿತಿಯನ್ನು ಒಂದೇ ಕಡೆ ಇಡುತ್ತದೆ, ಹುಡುಕುವ ಕೆಲಸ ಉಳಿಸುತ್ತದೆ. ಅಮೆರಿಕ ಸರ್ಕಾರದ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ಸೈನ್ಸಸ್ 2012ರಲ್ಲಿ 4ರಿಂದ 8ನೇ ತರಗತಿಯ ಶಿಕ್ಷಕರಿಗಾಗಿ ತಂದ ಮಾರ್ಗದರ್ಶಿಯಲ್ಲೂ, ಲೆಕ್ಕವನ್ನು ಚಿತ್ರಕ್ಕೆ ಇಳಿಸುವುದನ್ನು ಕಲಿಸಿ ಎಂಬ ಸಲಹೆಗೆ ‘ಬಲವಾದ ಪುರಾವೆ’ ಇದೆ ಎಂದು ಹೇಳಿದೆ.

‘ನನ್ನ ಮಗು ವಿಶುವಲ್ ಲರ್ನರ್, ಅದಕ್ಕೇ ಚಿತ್ರ ಬೇಕು’ ಎಂಬುದು ನಿಜವೇ?

ಇದು ಇನ್ನೊಂದು ಜನಪ್ರಿಯ ಫಾರ್ವರ್ಡ್. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕು ಎಂಬ ಮಾತು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಹೋದ್ಯೋಗಿಗಳು ಇದರ ಬಗ್ಗೆ ಆಗಿದ್ದ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಶೈಲಿಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ. ಪಟ್ಟಿ ಚಿತ್ರ ಯಾವುದೋ ಒಂದು ಬಗೆಯ ಮಕ್ಕಳಿಗಷ್ಟೇ ಎಂದುಕೊಳ್ಳಬೇಕಿಲ್ಲ.

ಚಿತ್ರ ಎಂದರೆ ಎಲ್ಲ ಚಿತ್ರವೂ ಅಲ್ಲ ಎಂಬುದು ಮಾತ್ರ ಮುಖ್ಯ. ‘15 ಮೀಟರ್ ಉದ್ದದ ದಾರಿಯ ಎರಡೂ ತುದಿಗೆ ಒಂದೊಂದು ಗಿಡ, ನಡುವೆ 5 ಮೀಟರ್‌ಗೊಂದು ಗಿಡ. ಒಟ್ಟು ಎಷ್ಟು?’ ಒಂದು ಮಗು ಎಲೆ, ಕೊಂಬೆ, ಹಣ್ಣು ಸಮೇತ ಮರ ಬರೆಯುತ್ತದೆ. ಇನ್ನೊಂದು ಒಂದು ಗೆರೆ ಎಳೆದು 0, 5, 10, 15ರ ಹತ್ತಿರ ಚುಕ್ಕೆ ಇಡುತ್ತದೆ. ಚುಕ್ಕೆ ಇಟ್ಟ ಮಗುವಿಗೆ ನಾಲ್ಕು ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಹೆಗಾರ್ಟಿ ಮತ್ತು ಮಾರಿಯಾ ಕೋಜೆವ್ನಿಕೊವ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಬಂಧ ತೋರಿಸುವ ಚಿತ್ರ ಬಳಸಿದ ಮಕ್ಕಳು ಚೆನ್ನಾಗಿ ಬಿಡಿಸಿದರು, ವಸ್ತುವಿನ ರೂಪವನ್ನೇ ಚಿತ್ರಿಸಿಕೊಂಡವರು ಹಿಂದೆ ಬಿದ್ದರು. ತೆಂಗಿನಕಾಯಿ ಚೆಂದ ಬಿಡಿಸಿದ್ದಕ್ಕೆ ಸ್ಟಾರ್ ಕೊಡುವುದನ್ನು ಡ್ರಾಯಿಂಗ್ ಕ್ಲಾಸಿಗೆ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ‘ಕೊಟ್ಟಿರುವುದು, ಕೇಳಿರುವುದು, ವಿಧಾನ, ಉತ್ತರ’ ಎಂಬ ನಾಲ್ಕು ಚೌಕದ ಹಾಳೆಗಳನ್ನು ಈಗ ಪಿಡಿಎಫ್ ಮಾಡಿ ಮಾರುತ್ತಾರೆ. ಮಕ್ಕಳು ಚೌಕ ತುಂಬಿಸುವುದನ್ನು ಬೇಗ ಕಲಿಯುತ್ತಾರೆ. ಪ್ರಶ್ನೆಯ ಸಾಲನ್ನೇ ನಕಲು ಮಾಡಿ ಹಾಕಿದರೂ ಹಾಳೆ ತುಂಬುತ್ತದೆ. ದೊಡ್ಡವರೇ ಪಟ್ಟಿ ಎಳೆದು ಕೊಟ್ಟರೂ ಅಷ್ಟೇ, ಯೋಚನೆ ಮಾಡಿದ್ದು ನೀವು. ಎಲ್ಲ ಲೆಕ್ಕಕ್ಕೂ ಪಟ್ಟಿ ಹೊಂದುವುದಿಲ್ಲ ಕೂಡ. ಕ್ಯಾಲೆಂಡರ್, ಕೋನ, ಆಕೃತಿಯ ಲೆಕ್ಕಗಳಿಗೆ ಬೇರೆ ಚಿತ್ರ ಬೇಕು.

ನಾವು ಮನೆಯಲ್ಲಿ ಮಾಡಿದ್ದು ಇಷ್ಟು: ಮೊದಲ ಸಲ ಓದುವಾಗ ಅಂಕಿಗಳನ್ನು ಬೆರಳಿನಿಂದ ಮುಚ್ಚಿ. ಕಥೆ ಏನು, ಯಾರು ಯಾರು ಇದ್ದಾರೆ, ಯಾವುದು ದೊಡ್ಡದು ಎಂದು ಮಗು ತನ್ನ ಮಾತಿನಲ್ಲಿ ಹೇಳಲಿ. ಆಮೇಲೆ ಪಟ್ಟಿ, ಆಮೇಲೆ ಅಂಕಿ, ಗೊತ್ತಿಲ್ಲದ್ದಕ್ಕೆ ಪ್ರಶ್ನೆ ಚಿಹ್ನೆ. ಉತ್ತರ ಬಂದಮೇಲೆ ಕಥೆಗೆ ಹಾಕಿ ನೋಡಬೇಕು. ದಿನಕ್ಕೆ ಎರಡು ಲೆಕ್ಕ ಸಾಕು. ನಮ್ಮ ಹುಡುಗಿ ಮೊದಲ ವಾರ ತೀರಾ ನಿಧಾನ ಮಾಡಿದಳು, ಅಕ್ಕನಿಗೆ ತಾಳ್ಮೆ ಕೆಟ್ಟಿತ್ತು. ಈಗಲೂ ತಪ್ಪುತ್ತಾಳೆ. ಆದರೆ ತಪ್ಪಿದ್ದೆಲ್ಲಿ ಎಂದು ಪಟ್ಟಿ ನೋಡಿ ಅವಳೇ ಹೇಳುತ್ತಾಳೆ. ಟ್ಯೂಷನ್ ವಿಷಯ ಸದ್ಯಕ್ಕೆ ನಿಂತಿದೆ, ಗೋಡೆಯ ಚಾರ್ಟೂ ಇಳಿದಿದೆ.

ಗ್ರೂಪಿನಲ್ಲಿ ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಈ ಲೆಕ್ಕ ಕಳಿಸಿ. ಬ್ಯಾಟು, ಚೆಂಡು ಎರಡೂ ಸೇರಿ 110 ರೂಪಾಯಿ. ಬ್ಯಾಟು ಚೆಂಡಿಗಿಂತ 100 ರೂಪಾಯಿ ಹೆಚ್ಚು. ಚೆಂಡಿಗೆಷ್ಟು? ಬಹಳ ಜನ ತಕ್ಷಣ 10 ಎನ್ನುತ್ತಾರೆ. ಎರಡು ಪಟ್ಟಿ ಎಳೆದವರು 5 ಎನ್ನುತ್ತಾರೆ.