ಕಲ್ಲೇರುವ ವಿದ್ಯೆ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮಾಳಿಗೆಯ ಮೇಲೆ ನಿಂತು ನೋಡಿದರೆ ಕಾಣುವುದು ಮನೆಗಳ ಸಾಲು, ಅದರಾಚೆಗೆ ಬಯಲು. ಇಲ್ಲಿ ಬೆಳೆದ ಹುಡುಗನಿಗೆ ಏರುವುದೆಂದರೆ ಮೆಟ್ಟಿಲು ಹತ್ತುವುದು, ಅಷ್ಟೆ. ಆದರೆ ಬಸ್ಸು ಹಿಡಿದು ಅರವತ್ತು ಕಿಲೋಮೀಟರು ಸಾಗಿದರೆ ಚಿತ್ರದುರ್ಗ. ಅಲ್ಲಿ ಭೂಮಿಯೇ ಎದ್ದು ನಿಂತಂತೆ ಬಂಡೆಗಳು.

ಕಲ್ಲಿನ ದಾರಿಯನ್ನು ಓದುವ ವಿದ್ಯೆ ನಮಗೆ ಹೊಸದಲ್ಲ. ಕೋಟೆಯಲ್ಲಿ ತುಪ್ಪದ ಕೊಳದ ಬತೇರಿಗೆ ಹೋಗುವವರು ಇಳಿಜಾರು ಬಂಡೆಯಲ್ಲಿ ಕೊರೆದ ಸಣ್ಣ ಗುಳಿಗಳಲ್ಲಿ ಕಾಲಿನ ಮುಂಭಾಗವನ್ನಷ್ಟೇ ಊರಿ ಏರಬೇಕು. ಯಾರೋ ಅಜ್ಞಾತ ಕಲ್ಲುಕುಟಿಗ ಮನುಷ್ಯನ ಹೆಜ್ಜೆಯನ್ನು ಅಳೆದು ಮಾಡಿದ ಕೆಲಸ ಅದು. ಇನ್ನು ಓಬವ್ವನ ಕಥೆಯಾದರೂ ಏನು? ಏಳು ಸುತ್ತಿನ ಕೋಟೆಗೆ ಹೈದರನ ಸೈನಿಕರು ಕಂಡುಕೊಂಡ ದಾರಿ ಒಂದು ಕಿಂಡಿ. ಇಂದಿನ ಶಿಲಾರೋಹಿಯೂ ಬಂಡೆಯೆದುರು ನಿಂತು ಮೊದಲು ಹುಡುಕುವುದು ಬಿರುಕನ್ನೇ.

ಈ ಹವ್ಯಾಸವು ಶಾಸ್ತ್ರವಾಗಿ ಬೆಳೆದಿರುವುದನ್ನು ನೋಡಬೇಕೆಂದರೆ ಬಾದಾಮಿಗೆ ಹೋಗಬೇಕು. ೫೪೩ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ, ೫೭೮ರಲ್ಲಿ ಮಂಗಲೇಶ ಗುಹಾಲಯವನ್ನು ಪೂರೈಸಿದ ಕೆಂಪು ಮರಳುಗಲ್ಲಿನ ಬೆಟ್ಟಸಾಲು ಅದು. ಆ ಸಾಲಿನ ಕಡಿದಾದ ಗೋಡೆಗಳಲ್ಲಿ ಇಂದು ನೂರಕ್ಕೂ ಮೀರಿ ಏರುದಾರಿಗಳಿವೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಶ್ರೇಣಿ. ಶ್ರೇಣಿಯನ್ನು ಫ್ರೆಂಚರ ಕ್ರಮದಂತೆ ಅಂಕಿಯಿಂದಲೂ ಎ, ಬಿ, ಸಿ ಅಕ್ಷರಗಳಿಂದಲೂ ಸೂಚಿಸುತ್ತಾರೆ. ನಾಲ್ಕು, ಐದು ಎಂದರೆ ಹೊಸಬನಿಗೆ. ಹಿಡಿತಗಳು ದೊಡ್ಡವು, ಕಾಲಿಗೆ ನೆಲೆಯುಂಟು. ಆರು ಎಂದರೆ ಅಭ್ಯಾಸ ಬೇಕು. ಬಲಕ್ಕಿಂತ ಸಮತೋಲ ಮುಖ್ಯ. ಏಳನ್ನು ಮುಟ್ಟಲು ವರ್ಷಗಳ ಸಾಧನೆ. ಬಾದಾಮಿಯ ‘ಗಣೇಶ’ ಎಂಬ ದಾರಿ ೮ಬಿ+ ಶ್ರೇಣಿಯದು; ನಮ್ಮ ದೇಶದ ಅತಿ ಕಠಿಣ ದಾರಿಗಳಲ್ಲಿ ಒಂದೆಂದು ಹೆಸರಾದುದು. ೨೦೧೭ರಲ್ಲಿ ಆಡಮ್ ಓಂಡ್ರಾ ನಾರ್ವೆಯಲ್ಲಿ ಏರಿದ ‘ಸೈಲೆನ್ಸ್’ ಎಂಬ ದಾರಿಗೆ ೯ಸಿ ಎಂಬ ಅಂಕಿತ ಬಿದ್ದಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಶ್ರೇಣಿ ಬಂಡೆಗೇ ಹೊರತು ಮನುಷ್ಯನಿಗಲ್ಲ. ನಮ್ಮ ಶಾಲೆಗಳಲ್ಲಿ ಹುಡುಗನಿಗೆ ಅಂಕ ಕೊಡುತ್ತೇವೆ. ಇಲ್ಲಿ ಪಾಠಕ್ಕೆ ಅಂಕ. ನಾಲ್ಕನೆಯ ಶ್ರೇಣಿಯಲ್ಲಿ ತಡವರಿಸುವವನನ್ನು ಕಂಡು ಎಂಟನ್ನು ಏರಿದವನು ನಗುವುದಿಲ್ಲ; ಅವನೂ ಅಲ್ಲಿಂದಲೇ ಬಂದವನು.

ಇಬ್ಬರೂ ಕಟ್ಟುವ ಗಂಟು ಒಂದೇ. ಏರುವವನ ಸೊಂಟದ ಪಟ್ಟಿಗೆ ಹಗ್ಗದ ಒಂದು ತುದಿ. ಅದರ ಇನ್ನೊಂದು ಭಾಗ ಕೆಳಗೆ ನಿಂತ ಸಂಗಡಿಗನ ಕೈಯಲ್ಲಿ. ಕಲಿಯುವವನಿಗೆ ಹಗ್ಗವನ್ನು ಬಂಡೆಯ ನೆತ್ತಿಯಿಂದ ಇಳಿಬಿಟ್ಟಿರುತ್ತಾರೆ. ಕೈ ಜಾರಿದರೂ ತೂಗಾಡುತ್ತಾನೆ, ನೆಲಕ್ಕೆ ಬೀಳುವುದಿಲ್ಲ. ನುರಿತವನು ಕೆಳಗಿನಿಂದಲೇ ಹಗ್ಗವನ್ನು ಒಯ್ಯುತ್ತ, ಬಂಡೆಗೆ ಬಡಿದ ಉಕ್ಕಿನ ಬೋಲ್ಟುಗಳಿಗೆ ಒಂದೊಂದಾಗಿ ಸಿಕ್ಕಿಸುತ್ತ ಸಾಗುತ್ತಾನೆ. ಅವನು ಜಾರಿದರೆ ಕೊನೆಯ ಬೋಲ್ಟಿನಿಂದ ಎಷ್ಟು ಮೇಲಿದ್ದನೋ ಅದರ ಇಮ್ಮಡಿಗಿಂತ ಹೆಚ್ಚು ಬೀಳುವನು. ಆಗ ಅವನ ಪ್ರಾಣ ಕೆಳಗಿನವನ ಎಚ್ಚರದಲ್ಲಿದೆ.

ಆದುದರಿಂದಲೇ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚಿತ್ರದುರ್ಗದ ಜ್ಯೋತಿರಾಜ್ ಹಗ್ಗವಿಲ್ಲದೆ ಕೋಟೆಯ ಗೋಡೆ ಏರುವುದನ್ನು ನಾಡೆಲ್ಲ ಕಂಡು ಬೆರಗಾಗಿದೆ. ‘ಕೋತಿರಾಜ್’ ಎಂದು ಜನ ಅಕ್ಕರೆಯಿಂದ ಕರೆದಿದ್ದಾರೆ. ಆ ಬೆರಗು ನ್ಯಾಯವಾದುದೇ. ಆದರೆ ಅದನ್ನು ನೋಡಿದ ಮಧ್ಯಾಹ್ನವೇ ಕಾಲೇಜಿನ ಹುಡುಗ ಚಪ್ಪಲಿ ಬಿಚ್ಚಿಟ್ಟು ಗೋಡೆಗೆ ಕೈಹಚ್ಚಿದರೆ ಅದು ಸಾಹಸವಲ್ಲ. ಏರುವುದಕ್ಕಿಂತ ಇಳಿಯುವುದು ಕಷ್ಟ. ಮೇಲೇರುವಾಗ ಕಣ್ಣೆದುರಿಗಿದ್ದ ಹಿಡಿತ, ಇಳಿಯುವಾಗ ಕಾಲ ಕೆಳಗೆ ಮರೆಯಾಗುತ್ತದೆ. ಅರ್ಧದಲ್ಲಿ ನಿಂತವನಿಗೆ ಇದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಕಲ್ಲಿಗೂ ಅದರ ಕಷ್ಟವುಂಟು. ಮರಳುಗಲ್ಲು ನೆನೆದರೆ ಬಲಗುಂದುತ್ತದೆ. ಮಳೆ ನಿಂತು ಬಂಡೆ ಒಣಗುವವರೆಗೆ ಏರತಕ್ಕದ್ದಲ್ಲ, ಏರಿದರೆ ಹಿಡಿತವೇ ಮುರಿದು ಕೈಗೆ ಬಂದೀತು. ಚಳಿಗಾಲವೇ ಪ್ರಶಸ್ತ. ಸ್ಮಾರಕಗಳಿಗೆ ಹಾನಿ ಮಾಡುವುದನ್ನು ೧೯೫೮ರ ಕಾನೂನು ನಿಷೇಧಿಸಿದೆ. ಆದರೆ ಕಾನೂನಿಗಿಂತ ಮೊದಲು ಮನಸ್ಸಿಗೆ ಹೊಳೆಯಬೇಕಾದ ಮಾತಿದು: ಶಾಸನವಿರುವ ಬಂಡೆಯ ಮೇಲೆ ಮೊಳೆ ಬಡಿಯುವವನಿಗೂ ತನ್ನ ಹೆಸರು ಗೀಚುವವನಿಗೂ ಹೆಚ್ಚಿನ ಭೇದವಿಲ್ಲ.

ಕಲಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲದಿಲ್ಲ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರುಣರಿಗೆ ಶಿಲಾರೋಹಣದ ತರಬೇತಿ ನೀಡುತ್ತ ಬಂದಿದೆ. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ವಿದ್ಯೆ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಬೇರೆಯವರು ಮರದ ಕೃತಕ ಗೋಡೆ ಕಟ್ಟಿಕೊಂಡು ಕಲಿಯುತ್ತಾರೆ. ನಮಗೆ ನಿಸರ್ಗವೇ ಗೋಡೆ ಕಟ್ಟಿಕೊಟ್ಟಿದೆ.

ದಾವಣಗೆರೆಯ ಉಪಾಧ್ಯಾಯರು ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಕೋಟೆ ತೋರಿಸಿ, ಓಬವ್ವನ ಕಥೆ ಹೇಳಿ, ಸಂಜೆಗೆ ಹಿಂದಿರುಗುತ್ತಾರೆ. ಮುಂದಿನ ಸಲ ಬಲ್ಲವರೊಬ್ಬರ ಕೈಗೆ ಹಗ್ಗ ಕೊಟ್ಟು, ಅನುಮತಿ ದೊರೆಯುವ ಯಾವುದಾದರೂ ಸಣ್ಣ ಬಂಡೆಯೆದುರು ಅವರನ್ನು ನಿಲ್ಲಿಸಲಿ. ಎಲ್ಲರೂ ತುದಿ ಮುಟ್ಟಬೇಕಾಗಿಲ್ಲ. ಮೇಲಿರುವ ಗೆಳೆಯನಿಗಾಗಿ ಹಗ್ಗ ಹಿಡಿದು, ಅವನು ಕ್ಷೇಮವಾಗಿ ಇಳಿಯುವವರೆಗೆ ಕಣ್ಣು ಕದಲಿಸದೆ ನಿಲ್ಲಲು ಕಲಿತರೂ ಸಾಕು.