ಸೀಮೆಗೊಂದು ಆಕಾಶವಾಣಿ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ‘ವಿಠ್ಠಲ ವಿಹಾರ’ ಎಂಬ ಮನೆಯಿಂದ ಹೊರಟ ಬಾನುಲಿಯ ದನಿ ಹೆಚ್ಚು ದೂರ ಹೋಗುವಂತಿರಲಿಲ್ಲ. ಪ್ರಸಾರಯಂತ್ರದ ಶಕ್ತಿ ಬರೀ 30 ವಾಟ್. ಮನೆಯ ಯಜಮಾನರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ. ಸರ್ಕಾರ ಹೇಳಿರಲಿಲ್ಲ, ಯಾವ ಕಂಪನಿಯೂ ಬೆನ್ನಿಗಿರಲಿಲ್ಲ. ಕೈಯಿಂದ ಹಣ ಹಾಕಿ ಅವರು ಈ ನಿಲಯವನ್ನು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಆ ಹೆಸರನ್ನು ಸೂಚಿಸಿದವರು ಹಾಸ್ಯಲೇಖಕ ನಾ. ಕಸ್ತೂರಿ ಎಂಬ ಮಾತು ಮೈಸೂರಿನಲ್ಲಿ ಇಂದಿಗೂ ಇದೆ.

ಮೈಸೂರಿನ ಪ್ರಾಧ್ಯಾಪಕರು, ಹಾಡುಗಾರರು, ಕವಿಗಳು ಆ ಮನೆಗೆ ಬಂದು ಮಾತಾಡಿದರು, ಹಾಡಿದರು. ಕೇಳುವವರೂ ಅದೇ ಊರಿನವರು. 1942ರಲ್ಲಿ ಮೈಸೂರು ಸಂಸ್ಥಾನ ನಿಲಯವನ್ನು ವಹಿಸಿಕೊಂಡಿತು, 1950ರಲ್ಲಿ ಅದು ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೊಗೆ ಸೇರಿತು. ಅದೇ ದಶಕದಲ್ಲಿ ಇಡೀ ದೇಶದ ರೇಡಿಯೊ ಜಾಲ ‘ಆಕಾಶವಾಣಿ’ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು. 2023ರಲ್ಲಂತೂ ಇಂಗ್ಲಿಷ್ ಹೆಸರನ್ನು ಪೂರ್ತಿ ಬಿಟ್ಟು ಇದೊಂದನ್ನೇ ಬಳಸಬೇಕೆಂಬ ಆದೇಶ ಬಂತು. ಹೀಗೆ ಒಂದೂರಿನ ಖಾಸಗಿ ನಿಲಯದ ಹೆಸರು ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. ಆದರೆ ಸ್ವತಃ ಮೈಸೂರು ಸುಮಾರು ಎರಡು ದಶಕ ತನ್ನದೇ ನಿಲಯವಿಲ್ಲದೆ ಇರಬೇಕಾಯಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ.

ಕರ್ನಾಟಕದ ಸಾರ್ವಜನಿಕ ಪ್ರಸಾರದ ಚರಿತ್ರೆಯಲ್ಲಿ ಈ ಎಳೆದಾಟ ಮತ್ತೆ ಮತ್ತೆ ಕಾಣುತ್ತದೆ. ದನಿ ಒಂದು ಊರಲ್ಲಿ ಹುಟ್ಟುತ್ತದೆ, ತೀರ್ಮಾನ ಇನ್ನೊಂದು ಊರಲ್ಲಿ ಆಗುತ್ತದೆ. ಇಷ್ಟಾದರೂ ನಮ್ಮ ನಿಲಯಗಳು ಸುತ್ತಲಿನ ಸೀಮೆಯ ಮಾತನ್ನು, ಮಟ್ಟನ್ನು, ಬೇಸಾಯವನ್ನು ಕೇಳಿಸುತ್ತಲೇ ಬಂದಿವೆ. ಅದು ಎಂಥ ಕೆಲಸವೆಂದು ಒಮ್ಮೆ ಹತ್ತಿರದಿಂದ ನೋಡಬೇಕು.

ಧಾರವಾಡದಿಂದ ಶುರು ಮಾಡೋಣ. ಅಲ್ಲಿನ ನಿಲಯ ಆರಂಭವಾದದ್ದು 1950ರ ಜನವರಿಯಲ್ಲಿ. ಕನ್ನಡ ನಾಡು ಆಗ ಒಂದಾಗಿರಲಿಲ್ಲ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಏಕೀಕರಣಕ್ಕೆ ಆರು ವರ್ಷ ಮೊದಲೇ ಉತ್ತರದ ಕನ್ನಡಿಗರಿಗೆ ತಮ್ಮ ಮಾತನ್ನು ಗಾಳಿಯಲ್ಲಿ ಕೇಳುವ ಅವಕಾಶ ಸಿಕ್ಕಿತು. ಅದರ ತೂಕ ಈಗ ಊಹಿಸುವುದು ಕಷ್ಟ. ನಿಲಯಕ್ಕೆ ಸಲಹೆಗಾರರಾಗಿ ಬಂದವರು ದ.ರಾ. ಬೇಂದ್ರೆ, ಸಂಗೀತದ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನ್ಸೂರ. ಹಾಸ್ಯಲೇಖಕ ಎನ್ಕೆ ಕುಲಕರ್ಣಿಯವರು ಅಲ್ಲಿಯೇ ಕೆಲಸದಲ್ಲಿದ್ದರು. ಇಂಥವರು ನಿಲಯದ ಪಡಸಾಲೆಯಲ್ಲಿ ಓಡಾಡುತ್ತಿದ್ದ ಮೇಲೆ ಕಾರ್ಯಕ್ರಮಗಳಿಗೆ ಧಾರವಾಡದ ಗತ್ತು ಬರದೆ ಇರುತ್ತದೆಯೆ? ರೇಡಿಯೊ ನಾಟಕದ ಪಾತ್ರಗಳು ಊರ ಮಂದಿ ಆಡುವ ಕನ್ನಡವನ್ನೇ ಆಡಿದವು. ಗೀಗೀ ಪದ, ಲಾವಣಿ, ತತ್ವಪದದವರು ಸ್ಟುಡಿಯೊ ಮೆಟ್ಟಿಲು ಹತ್ತಿದರು. ಪಕ್ಕದ ಸ್ಟುಡಿಯೊದಲ್ಲಿ ಹಿಂದುಸ್ತಾನಿ ಗಾಯನ ನಡೆಯುತ್ತಿತ್ತು. ಪತ್ರಿಕೆ ಓದಲು ಬಾರದ ರೈತನಿಗೂ ಓದಿ ಓದಿ ದಣಿದ ಮೇಷ್ಟರಿಗೂ ಒಂದೇ ಪೆಟ್ಟಿಗೆಯಿಂದ ಇವೆರಡೂ ಸಿಕ್ಕವು.

ಇಲ್ಲಿ ಒಂದು ನೋವಿನ ಸಂಗತಿಯನ್ನೂ ಹೇಳಬೇಕು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತ್ತು. ಭಾರತೀಯ ಸಂಗೀತದ ಗಮಕಕ್ಕೂ ಶ್ರುತಿಗೂ ಆ ಪಾಶ್ಚಾತ್ಯ ವಾದ್ಯ ಒಗ್ಗದು ಎಂಬ ವಾದ ಅದರ ಹಿಂದಿತ್ತು. ನಿಷೇಧ ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ದೆಹಲಿಯಲ್ಲಿ ಕೂತವರಿಗೆ ಅದು ಶಾಸ್ತ್ರದ ಪ್ರಶ್ನೆ. ಉತ್ತರ ಕರ್ನಾಟಕಕ್ಕೆ ಹಾಗಲ್ಲ. ಕಂಪನಿ ನಾಟಕದ ಉಸಿರೇ ಕಾಲ್ಪೆಟ್ಟಿಗೆ, ಊರೂರಿನ ಭಜನೆ ಮೇಳಕ್ಕೆ ಆಧಾರ ಪೇಟಿ ಮಾಸ್ತರ. ಆ ವಾದ್ಯವನ್ನು ನಿಲಯದ ಬಾಗಿಲಲ್ಲೇ ತಡೆದಾಗ ಒಂದಿಡೀ ಪ್ರದೇಶದ ಸಂಗೀತದ ಅಭ್ಯಾಸವೇ ಹೊರಗೆ ನಿಂತಂತಾಯಿತು. ಒಂದೇ ಕಡೆ ಕೂತು ಎಲ್ಲರಿಗೂ ಒಂದೇ ನಿಯಮ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಸಿಕ್ಕಿಲ್ಲ.

ಧಾರವಾಡದ ನಂತರ ನಿಲಯಗಳು ಒಂದೊಂದಾಗಿ ಬಂದವು: 1965ರಲ್ಲಿ ಭದ್ರಾವತಿ, 1966ರಲ್ಲಿ ಕಲಬುರಗಿ, 1976ರಲ್ಲಿ ಮಂಗಳೂರು. ಮುಂದೆ ಹಾಸನ, ಚಿತ್ರದುರ್ಗ, ರಾಯಚೂರು, ಹೊಸಪೇಟೆ, ಕಾರವಾರ, ಮಡಿಕೇರಿ, ವಿಜಯಪುರದಲ್ಲಿ ಸಣ್ಣ ಎಫ್‌ಎಂ ನಿಲಯಗಳು. ಒಂದು ಜಿಲ್ಲೆಯ ಜನರಿಗಾಗಿಯೇ ನಿಲಯ ನಡೆಸುವ ಈ ಯೋಚನೆಯನ್ನು ದೇಶದಲ್ಲಿ ಮೊದಲು ಪ್ರಯೋಗಿಸಿದ್ದು 1984ರಲ್ಲಿ, ತಮಿಳುನಾಡಿನ ನಾಗರಕೋಯಿಲಿನಲ್ಲಿ.

ನಿಲಯದ ವ್ಯಾಪ್ತಿಯನ್ನು ತೀರ್ಮಾನಿಸುವುದು ತರಂಗದ ಗುಣ. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675 ಕಿಲೋಹರ್ಟ್ಸ್ ಇವೆಲ್ಲ ಮೀಡಿಯಂ ವೇವ್ ಸಂಖ್ಯೆಗಳು. ಹಳೆಯ ಕೇಳುಗರಿಗೆ ಬಾಯಿಪಾಠ. ಮೀಡಿಯಂ ವೇವ್ ಹಗಲಿನಲ್ಲಿ ನೆಲಕ್ಕೆ ಅಂಟಿಕೊಂಡು ಗುಡ್ಡ ಕಣಿವೆ ದಾಟಿ ಸಾಗುತ್ತದೆ. ರಾತ್ರಿಯಾದರೆ ಮೇಲಿನ ವಾಯುಮಂಡಲದ ಪದರಕ್ಕೆ ತಾಗಿ ಇನ್ನೂ ದೂರಕ್ಕೆ ಇಳಿಯುತ್ತದೆ. ಎಫ್‌ಎಂ ದನಿ ಸ್ವಚ್ಛ, ಆದರೆ ಅದು ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲೇ ಹೋಗುವುದು. ಗುಡ್ಡ ಅಡ್ಡ ಬಂದರೆ ಮುಗಿಯಿತು. ಹಾಗಾಗಿ ದೊಡ್ಡ ಮೀಡಿಯಂ ವೇವ್ ನಿಲಯ ಹಲವು ಜಿಲ್ಲೆಗಳ ಒಂದು ಸೀಮೆಯನ್ನು ತೆಕ್ಕೆಗೆ ತೆಗೆದುಕೊಂಡರೆ ಎಫ್‌ಎಂ ನಿಲಯ ಒಂದು ಊರನ್ನೂ ಅದರ ಸುತ್ತಲಿನ ತಾಲ್ಲೂಕುಗಳನ್ನೂ ನೋಡಿಕೊಳ್ಳುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಮಲೆನಾಡಿನ ಒಂಟಿಮನೆಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಸೀಮೆ ಬದಲಾದಂತೆ ನಿಲಯದ ಬಾಯಿಯೂ ಬದಲಾಗುತ್ತದೆ. ಮಂಗಳೂರು ನಿಲಯದಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಕೇಳುತ್ತವೆ. ಯಕ್ಷಗಾನದ ತಾಳಮದ್ದಳೆಗೂ ರೇಡಿಯೊಗೂ ಇರುವ ನಂಟು ನೋಡಿ: ವೇಷವಿಲ್ಲ, ಕುಣಿತವಿಲ್ಲ, ಭಾಗವತಿಕೆ, ಚೆಂಡೆ, ಮದ್ದಳೆ ಮತ್ತು ಅರ್ಥಧಾರಿಗಳ ಮಾತು. ಬಾನುಲಿಗೆಂದೇ ಹುಟ್ಟಿದ ಕಲೆಯೇನೋ ಎನ್ನುವಷ್ಟು ಸಹಜವಾಗಿ ಅದು ಅಲ್ಲಿ ಕೂತಿದೆ. ಆದರೆ ರಾತ್ರಿಯಿಡೀ ಬೆಳೆಯುವ ಪ್ರಸಂಗವನ್ನು ಪ್ರಸಾರದ ಗಡಿಯಾರಕ್ಕೆ ಹೊಂದಿಸುವುದು ಸಣ್ಣ ಕೆಲಸವಲ್ಲ. ಅರ್ಥಧಾರಿ ತನ್ನ ವಾದವನ್ನು ಕುಗ್ಗಿಸಬೇಕು, ರಸ ಕುಗ್ಗಬಾರದು.

ಮಡಿಕೇರಿಯಲ್ಲಿ ಕೊಡವ ತಕ್ಕ್, ಅರೆಭಾಷೆ. ದೊಡ್ಡ ಖಾಸಗಿ ವಾಹಿನಿಗಳು ಈ ಭಾಷೆಗಳಲ್ಲಿ ದಿನನಿತ್ಯ ಕಾರ್ಯಕ್ರಮ ಮಾಡುವುದಿಲ್ಲ, ಮಾಡಿದರೆ ಜಾಹೀರಾತು ಬರುವುದಿಲ್ಲ. ಸರಳ ಲೆಕ್ಕ. ಆ ಲೆಕ್ಕಕ್ಕೆ ಹೊರತಾಗಿ ನಿಲ್ಲುವುದಕ್ಕೆಂದೇ ಸಾರ್ವಜನಿಕ ಪ್ರಸಾರ ಇರುವುದು. ಸಂಸತ್ತು 1990ರಲ್ಲಿ ಒಪ್ಪಿದ, 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯ್ದೆಯೂ ಇದನ್ನೇ ಹೇಳುತ್ತದೆ: ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿಗೂ ಭಾಷೆಗೂ ತಕ್ಕ ಜಾಗ ಕೊಡುವುದು ಸಂಸ್ಥೆಯ ಗುರಿಗಳಲ್ಲಿ ಒಂದು. ಅರೆಭಾಷೆಯ ಅರ್ಧ ಗಂಟೆ ಯಾರೋ ಕರುಣೆಯಿಂದ ಕೊಟ್ಟದ್ದಲ್ಲ, ಕಾನೂನು ಮಾನ್ಯ ಮಾಡಿದ ಹಕ್ಕು.

ರೈತರ ಕಾರ್ಯಕ್ರಮಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸ್ಥಳೀಯತೆಯ ನಿಜವಾದ ಪರೀಕ್ಷೆ ಅಲ್ಲಿಯೇ. 1966ರಿಂದ ಆಕಾಶವಾಣಿಯ ಕೆಲವು ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ತೆರೆದವು. ಹಸಿರು ಕ್ರಾಂತಿಯ ಹೊಸ ತಳಿಗಳ ಬೀಜ ಹೊಲಕ್ಕೆ ಬರುತ್ತಿದ್ದ ಕಾಲ ಅದು. ಗೊಬ್ಬರ ಎಷ್ಟು, ನೀರು ಯಾವಾಗ ಎಂದು ಹೇಳುವವರು ಬೇಕಾಗಿತ್ತು. ಆದರೆ ಭದ್ರಾವತಿಯ ಸುತ್ತಲಿನ ಅಡಿಕೆ ತೋಟದವನಿಗೆ ಮಳೆಗಾಲದಲ್ಲಿ ಬೇಕಾದದ್ದು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಯಾವಾಗ ಹೊಡೆಯಬೇಕೆಂಬ ಮಾತು. ಕಲಬುರಗಿಯ ರೈತ ತೊಗರಿಯ ಕಾಯಿಕೊರಕದ ಚಿಂತೆಯಲ್ಲಿರುತ್ತಾನೆ. ಕಾರವಾರ, ಮಂಗಳೂರಿನ ಮೀನುಗಾರರು ಕಿವಿ ಕೊಡುವುದು ಕಡಲಿಗೆ ಇಳಿಯಬೇಡಿ ಎಂಬ ಹವಾಮಾನದ ಎಚ್ಚರಿಕೆಗೆ. ಒಂದೇ ರಾಜ್ಯ, ಒಂದೇ ಸಂಜೆ, ಮೂರು ಕಡೆ ಮೂರು ಮಾತು. ಬೆಂಗಳೂರಿನಿಂದ ಎಲ್ಲರಿಗೂ ಒಟ್ಟಿಗೆ ಹೇಳಿದರೆ ಯಾರಿಗೂ ಹೇಳಿದಂತಾಗುವುದಿಲ್ಲ.

ಸಲಹೆ ಸರಿಯಿದ್ದರೆ ಸಾಲದು, ಹೇಳುವ ರೀತಿಯೂ ಮನೆಯವರ ಮಾತಿನಂತಿರಬೇಕು. ಬೆಂಗಳೂರು ನಿಲಯದ ಎ.ಎಸ್. ಮೂರ್ತಿಯವರು ‘ಈರಣ್ಣ’ ಎಂದೇ ನಾಡಿಗೆಲ್ಲ ಪರಿಚಿತರಾದದ್ದು ಇದೇ ಕಾರಣಕ್ಕೆ. ಅಧಿಕಾರಿಯೊಬ್ಬರು ಉಪದೇಶ ಓದಿದರೆ ಜನ ಗುಂಡಿ ತಿರುಗಿಸುತ್ತಾರೆ. ಈರಣ್ಣ ಮಾತಾಡಿದರೆ ಜಗಲಿಯಲ್ಲಿ ಕೂತು ಕೇಳುತ್ತಾರೆ. ಹಳ್ಳಿಯ ಕಾರ್ಯಕ್ರಮದ ಈ ಮಾತುಗಾರಿಕೆ ಕನ್ನಡದ ಒಂದು ಸಾಹಿತ್ಯ ಪ್ರಕಾರವೇ ಎಂದು ನಾನು ನಂಬಿದ್ದೇನೆ. ಅದರ ಚರಿತ್ರೆಯನ್ನು ವಿಮರ್ಶಕರು ಇನ್ನೂ ಬರೆಯಬೇಕಾಗಿದೆ.

ಹಿಂದೆ ಹಳ್ಳಿಯ ಮಾತು, ಹಾಡುಗಳ ಧ್ವನಿಮುದ್ರಣಕ್ಕೆ ಹೋಗುವವರು ಭಾರದ ಟೇಪ್ ರೆಕಾರ್ಡರ್ ಹೊತ್ತೊಯ್ಯಬೇಕಿತ್ತು. ಸೋಬಾನೆ ಹಾಡುವ ಹೆಂಗಸರು ಮೈಕ್ ಕಂಡರೆ ಮೊದಲು ಸೆರಗು ಬಾಯಿಗಿಟ್ಟು ನಗುತ್ತಾರೆ, ಆಮೇಲೆ ಹಾಡು ಮರೆತೆ ಎನ್ನುತ್ತಾರೆ. ಅವರ ಜೊತೆ ಮಾತಾಡಿ, ಬೀಸುವ ಕಲ್ಲಿನ ಹತ್ತಿರ ಕೂತು, ಹಾಡು ತಾನಾಗಿ ಬರುವವರೆಗೆ ಕಾಯುವ ತಾಳ್ಮೆ ಬೇಕು. ನಿಲಯಕ್ಕೆ ಮರಳಿದ ಮೇಲೆ ಸ್ಪೂಲ್ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ಕೆಮ್ಮು, ನಾಯಿ ಬೊಗಳಿದ್ದು, ಬಸ್ಸಿನ ಹಾರನ್ ತೆಗೆದು ಜೋಡಿಸುವ ಕೆಲಸ. ಈಗ ಅಂಗೈಯಲ್ಲಿ ಹಿಡಿಯುವ ರೆಕಾರ್ಡರ್, ಕಂಪ್ಯೂಟರಿನ ಪರದೆ ಮೇಲೆ ಸಂಕಲನ. ಕೆಲಸ ಹಗುರವಾಗಿದೆ. ಕಾಯುವ ತಾಳ್ಮೆಯನ್ನು ಮಾತ್ರ ಯಾವ ಯಂತ್ರವೂ ಕೊಡಲಾರದು.

ಟೇಪು ದುಬಾರಿಯಾಗಿದ್ದ ದಿನಗಳಲ್ಲಿ ಒಮ್ಮೆ ಪ್ರಸಾರವಾದ ಮುದ್ರಣವನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುವ ಪದ್ಧತಿಯಿತ್ತು. ಹಾಗೆ ಅಳಿಸಿಹೋದ ದನಿಗಳಲ್ಲಿ ಯಾರ್‍ಯಾರಿದ್ದರೋ. ಉಳಿದವನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ಆಕಾಶವಾಣಿಯಲ್ಲಿ ನಡೆದಿದೆ. ಆದರೆ ದೊಡ್ಡ ಗಾಯಕರ ಮುದ್ರಣಕ್ಕೆ ಸಿಗುವ ಗಮನ ಹೆಸರಿಲ್ಲದ ಹಾಡುಗಾರ್ತಿಯರಿಗೂ ಸಿಗಬೇಕು.

ದೂರದರ್ಶನದ ಕಥೆ ಇದಕ್ಕಿಂತ ಚಿಕ್ಕದು, ಆದರೆ ಅದರ ಮೊದಲ ಅಧ್ಯಾಯ ಕುತೂಹಲದ್ದು. ಕರ್ನಾಟಕದ ಹಳ್ಳಿಗಳು ಟಿವಿ ಕಂಡದ್ದು ಬೆಂಗಳೂರಿಗಿಂತ ಮೊದಲು! 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹದ ಮೂಲಕ ಕಾರ್ಯಕ್ರಮ ತಲುಪಿತು. ನಮ್ಮಲ್ಲಿ ಆ ಅದೃಷ್ಟ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳದು. ತಂತಿಬಲೆಯ ದೊಡ್ಡ ಆಂಟೆನಾ, ಊರಿಗೆ ಒಂದು ಟಿವಿ, ಸಂಜೆ ಊರೆಲ್ಲ ಅದರ ಮುಂದೆ. ಆ ಕನ್ನಡ ಕಾರ್ಯಕ್ರಮಗಳ ತಯಾರಿಕಾ ಕೇಂದ್ರ ಮಾತ್ರ ಹೈದರಾಬಾದಿನಲ್ಲಿತ್ತು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಕಲಬುರಗಿಗೆ ದೂರದರ್ಶನ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಹಿಂದುಳಿದದ್ದೆಂದು ಕರೆಸಿಕೊಳ್ಳುವ ಸೀಮೆ ರಾಜಧಾನಿಗಿಂತ ಮುಂದಿದ್ದ ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾದದ್ದು.

ಈಗಿನ ಚಂದನ ವಾಹಿನಿಗೆ ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ‘ಥಟ್ ಅಂತ ಹೇಳಿ’. 2002ರಲ್ಲಿ ಆರಂಭವಾಗಿ ಮೂರು ಸಾವಿರಕ್ಕೂ ಹೆಚ್ಚು ಕಂತು ದಾಟಿದ ಈ ರಸಪ್ರಶ್ನೆಯನ್ನು ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ನಡೆಸಿಕೊಟ್ಟರು. ಸರಿಯುತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ಕೋಟಿ ರೂಪಾಯಿಯ ರಸಪ್ರಶ್ನೆಗಳು ಮೆರೆದ ಕಾಲದಲ್ಲಿ ಒಂದು ಪುಸ್ತಕಕ್ಕಾಗಿ ಊರೂರಿನಿಂದ ಜನ ಬಂದು ಕೂತರು, ಮನೆಯಲ್ಲಿ ಕೂತವರೂ ಜೊತೆಗೇ ಉತ್ತರ ಹೇಳಿದರು. ಕನ್ನಡ ವೀಕ್ಷಕನ ಅಭಿರುಚಿಯನ್ನು ನಂಬಿದರೆ ಅದು ಕೈಬಿಡುವುದಿಲ್ಲ ಎಂದು ಈ ಕಾರ್ಯಕ್ರಮ ತೋರಿಸಿಕೊಟ್ಟಿದೆ.

ಇಷ್ಟೆಲ್ಲ ಇದ್ದೂ ಇಂದಿನ ಸ್ಥಿತಿ ನೆಮ್ಮದಿಯದಲ್ಲ. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರುತ್ತಿಲ್ಲ. ಹಲವು ನಿಲಯಗಳನ್ನು ದಿನ ದೂಡುವಂತೆ ಹಿಡಿದು ನಿಲ್ಲಿಸಿರುವವರು ಪಾಳಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಸಾಂದರ್ಭಿಕ ಉದ್ಘೋಷಕರು. ಸಣ್ಣ ನಿಲಯಗಳಲ್ಲಿ ಬೇರೆಡೆಯ ಕಾರ್ಯಕ್ರಮಗಳ ಮರುಪ್ರಸಾರ ಹೆಚ್ಚಿ ಸ್ಥಳೀಯ ಹೊತ್ತು ಕಡಿಮೆಯಾಗಿದೆ. ಖರ್ಚು ಉಳಿಯುತ್ತದೆ ಎಂಬುದು ನಿಜವಿರಬಹುದು. ಆದರೆ ಮರುಪ್ರಸಾರದ ಗಂಟೆಯಲ್ಲಿ ಆ ಊರಿನ ಪೇಟೆ ಧಾರಣೆ ಇಲ್ಲ, ಆ ಊರಿನ ಭಾಷೆ ಇಲ್ಲ, ಅಲ್ಲಿ ಹೊಸದಾಗಿ ಹಾಡಲು ಕಲಿತ ಹುಡುಗಿಗೆ ಧ್ವನಿಪರೀಕ್ಷೆ ಕೊಟ್ಟು ಮೈಕ್ ಮುಂದೆ ನಿಲ್ಲುವ ಅವಕಾಶವೂ ಇಲ್ಲ. ಆಕಾಶವಾಣಿಯ ಬಿ ದರ್ಜೆಯಿಂದ ಹೊರಟು ಎ ದರ್ಜೆ, ಟಾಪ್ ದರ್ಜೆವರೆಗೆ ಏರಿದ ನಮ್ಮ ಗಾಯಕರ ದಾರಿ ಸ್ಥಳೀಯ ನಿಲಯದ ಬಾಗಿಲಿಂದಲೇ ಶುರುವಾದದ್ದನ್ನು ಮರೆಯುವುದು ಹೇಗೆ?

ಒಂದು ಸಮಾಧಾನವೂ ಇದೆ. ‘ನ್ಯೂಸ್ ಆನ್ ಏರ್’ ಆ್ಯಪ್ ಇರುವ ಫೋನಿನಲ್ಲಿ ಈಗ ಆಕಾಶವಾಣಿಯ ನಿಲಯಗಳು ನೇರವಾಗಿ ಕೇಳುತ್ತವೆ. ದುಬೈಯಲ್ಲಿರುವ ಮಂಗಳೂರಿಗ ತುಳು ಮಾತನ್ನೂ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ಧಾರವಾಡದ ಹುಡುಗ ತನ್ನೂರಿನ ನಾಟಕವನ್ನೂ ಕೇಳಬಹುದು. ತರಂಗ ತಲುಪದ ಕಡೆಗೂ ಸೀಮೆಯ ದನಿ ಹೋಗುವ ಹೊತ್ತಿಗೆ ಆ ದನಿಯನ್ನು ಹುಟ್ಟಿಸುವ ಕೋಣೆಗಳು ಬರಿದಾಗಬಾರದು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಸೀಮೆಯ ನಿಲಯವನ್ನು ಈ ವಾರ ಒಂದು ಸಂಜೆ ಪೂರ್ತಿ ಕೇಳಿ. ಚೆನ್ನಾಗಿದ್ದುದನ್ನೂ ಕೊರತೆಯನ್ನೂ ಬರೆದು ನಿಲಯದ ನಿರ್ದೇಶಕರಿಗೆ ಕಳಿಸಿ. ಕೇಳುಗರ ಪತ್ರಕ್ಕೆ ಅಲ್ಲಿ ಇಂದಿಗೂ ಬೆಲೆಯಿದೆ. ನಿಮ್ಮ ಓಣಿಯಲ್ಲಿ ಹಂತಿ ಪದ ಬಲ್ಲ ಅಜ್ಜನಿದ್ದರೆ, ಸೋಬಾನೆ ಹಾಡುವ ಅಜ್ಜಿಯಿದ್ದರೆ, ಅವರ ವಿಷಯವನ್ನೂ ತಿಳಿಸಿ. ಮೈಕ್ ಹಿಡಿದು ಅವರ ಮನೆಗೆ ಬರುವುದು ನಿಲಯದ ಕೆಲಸ, ಬರುವಂತೆ ಕೇಳುವುದು ನಮ್ಮದು.