ಒಂದೇ ನಳಿಗೆ: ಗುಂಡಿಗೂ ಸೈ, ಚರೆಗೂ ಸೈ

ಸೋಂಪುರ ಹೋಬಳಿಯ ರೈತ ಬಾಂಧವರೇ, ರಾಗಿ, ಕಡಲೆಕಾಯಿ ಕಾವಲಿಗೆ ಪರವಾನಗಿ ಪಡೆದ ಕೇಪಿನ ಬಂದೂಕ ನಿಮ್ಮಲ್ಲಿದೆಯೇ? ಚರೆ ಸರಿಬಿದ್ದು ಗುಂಡು ಮಾತ್ರ ಗುರಿ ತಪ್ಪಿದರೆ ನಳಿಗೆಗೆ ಅರ ಹಾಕಬೇಡಿ. ಮೊದಲು ತುಂಬುವ ಕ್ರಮ ತಿದ್ದಿಕೊಳ್ಳಿ.

ಸಡಿಲವಾದ ಗುಂಡು ನಳಿಗೆಯೊಳಗೆ ಅತ್ತಿತ್ತ ಬಡಿದು ದಾರಿ ತಪ್ಪುತ್ತದೆ. ತುಸು ಚಿಕ್ಕ ಗುಂಡಿಗೆ ಎಣ್ಣೆ ಬಟ್ಟೆ ಸುತ್ತಿ, ಮದ್ದಿಗೆ ತಾಗುವವರೆಗೂ ಇಳಿಸಿ. ನಡುವೆ ಜಾಗ ಉಳಿದರೆ ನಳಿಗೆಯೇ ಸಿಡಿದೀತು! ಚರೆ ಬಹಳ ಚದುರಿದರೆ ಮದ್ದು ಕೊಂಚ ತಗ್ಗಿಸಿ.

ಬಾಯಿ ಕಿರಿದಾದ ನಳಿಗೆ ಚರೆಯನ್ನು ಒತ್ತಾಗಿ ಕಳಿಸುತ್ತದೆ. ಅದರಲ್ಲಿ ಬಿಗಿ ಗುಂಡು ಅಪಾಯ. ಎರಡಕ್ಕೂ ಒಂದೇ ಸಮ ಕೊರೆದ ನಳಿಗೆಯೇ ಲೇಸು.

ನಳಿಗೆ ತಿದ್ದುವ ಕೆಲಸ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಪಡೆದ ಕೆಲಸಗಾರರದು. ಹಂದಿ ಹೊಡೆಯಲು 1972ರ ವನ್ಯಜೀವಿ ಕಾಯಿದೆಯಂತೆ ಅನುಮತಿ ಬೇಕೇ ಬೇಕು. ಬೆಳೆ ಉಳಿಯಲಿ, ಕೈಯೂ ಉಳಿಯಲಿ.